ಬೀಸುಕಲ್ಲಿನ ದೃಶ್ಯ

ಅರವತ್ತರ ದಶಕದಲ್ಲಿ ಕೋಣಂದೂರು ಪೇಟೆಯಲ್ಲಿ ರವಿಕೆ ಹೊಲಿಸಿಕೊಂಡ ಹೆಂಗಸರನ್ನು ಯಾರನ್ನಾದರೂ ಕೇಳಿ, ಶೇಷಮ್ಮನ ಹೆಸರು ಹೇಳದಿದ್ದರೆ ಮತ್ತೆ ಮಾತಾಡಿ. ಪೇಟೆ ಬೀದಿಯ ಜಗಲಿಯ ಮೇಲೆ ಕೈಮಿಷನ್ ಇಟ್ಟುಕೊಂಡು, ಬಾಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡು, ಬಂದವರನ್ನು ಕಣ್ಣಲ್ಲೇ ಅಳೆದುಬಿಡುತ್ತಿದ್ದಳು. ಅಳತೆ ರವಿಕೆ ತರಲಿಲ್ಲವೆಂದರೆ ತಂದವರಿಗಿಂತ ಚೆನ್ನಾಗಿ ಹೊಲಿದುಕೊಡುತ್ತಿದ್ದಳು. ಮಂಡಗದ್ದೆ ಕಡೆಯ ರೈತರ ಮನೆಯ ಹುಡುಗಿ, ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ. ಆದರೆ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ಆ ಅಕ್ಷರವೇ ಅವಳನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಈಗ ಹೇಳಬೇಕು, ಯಾಕೆಂದರೆ ಊರಿನ ಅರ್ಧ ಜನ ಈ ಕತೆಯನ್ನು ತಪ್ಪು ಹೇಳುತ್ತಾರೆ, ಇನ್ನರ್ಧ ಜನ ಅವಳ ಗಂಡನದನ್ನಷ್ಟೇ ಹೇಳುತ್ತಾರೆ.

ಗಂಡ ದುಗ್ಗಪ್ಪ ಮೇಷ್ಟ್ರು. ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು, ನಾಟಕ ಬರೆಯುತ್ತಿದ್ದರು. ಎಂಥ ನಾಟಕ ಅಂತೀರಿ! ಅವರ ಮೂರು ನಾಟಕಗಳನ್ನು ತೀರ್ಥಹಳ್ಳಿಯಲ್ಲಿ ಆಡಿದರು, ಹೊಸನಗರದಲ್ಲಿ ಆಡಿದರು, ಸಾಗರದಲ್ಲಂತೂ ಜನ ಕೇಳಿ ಕೇಳಿ ಎರಡನೇ ಸಲ ಆಡಿಸಿದರು. ಸಂತೆಯಲ್ಲಿ ಬಾಳೆಕಾಯಿ ಮಾರುವವರೂ ಅವರ ನಾಟಕದ ಮಾತನ್ನು ತಮ್ಮದೇ ಗಾದೆಯ ಹಾಗೆ ಆಡುತ್ತಿದ್ದರು. ಆದರೆ ಮೇಷ್ಟ್ರಿಗೆ ಕೂತು ಬರೆಯುವ ಅಭ್ಯಾಸವಿರಲಿಲ್ಲ. ಬೀದಿ ಬಾಗಿಲಿನಿಂದ ಅಡುಗೆಮನೆವರೆಗೆ ಓಡಾಡುತ್ತಾ, ರಾಜನ ದನಿಯಲ್ಲಿ ಒಮ್ಮೆ, ಸೇವಕನ ದನಿಯಲ್ಲಿ ಒಮ್ಮೆ ಹೇಳುತ್ತಾ ಹೋಗುವರು. ಶೇಷಮ್ಮ ಮಿಷನ್ ನಿಲ್ಲಿಸಿ ಬರೆದುಕೊಳ್ಳುವಳು. ಬರೆಯುವುದು ಯಾವುದರ ಮೇಲೆ? ರವಿಕೆ ಕತ್ತರಿಸಲು ಇಟ್ಟುಕೊಂಡ ಖಾಕಿ ಕಾಗದದ ಮೇಲೆ. ತೋಳಿನ ಗೆರೆಯ ಆಚೆ ರಾಜ, ಕುತ್ತಿಗೆಯ ಗೆರೆಯ ಈಚೆ ರಾಣಿ. ಆ ಕಾಗದವನ್ನು ಎತ್ತಲಿಂದ ಎತ್ತ ಓದಬೇಕೆಂದು ಅವಳಿಗೊಬ್ಬಳಿಗೇ ಗೊತ್ತು.

ಅದಕ್ಕೇ ನಾಟಕ ಆಡುವಾಗ ಪಕ್ಕದ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವ ಪ್ರಾಂಪ್ಟಿಂಗ್ ಕೆಲಸವೂ ಅವಳ ಕುತ್ತಿಗೆಗೇ ಬಿತ್ತು. ಹೆಂಗಸು ರಂಗದ ಹಿಂದೆ ನಿಲ್ಲುವುದೇ ಎಂದು ಮೊದಮೊದಲು ಮೂಗು ಮುರಿದವರಿದ್ದರು. ಒಂದು ಸಲ ಹೊಸನಗರದಲ್ಲಿ ಅವಳಿಗೆ ಜ್ವರ ಬಂದು ಬೇರೆಯವರನ್ನು ನಿಲ್ಲಿಸಿದರು ನೋಡಿ. ಹೆಣ್ಣು ವೇಷ ಹಾಕುವ ಸುಬ್ಬಪ್ಪ, ಸೈಕಲ್ ಅಂಗಡಿಯವನು, ಹಿಂದಿನಿಂದ ಬಂದದ್ದನ್ನೆಲ್ಲ ಹೇಳುವ ಆಸಾಮಿ. 'ಕಣ್ಣೀರು ಒರೆಸಿಕೊಂಡು ಬಲಗಡೆಗೆ ಹೋಗುವಳು' ಎಂಬ ರಂಗಸೂಚನೆಯನ್ನೂ ಕೈ ಎತ್ತಿ ಜೋರಾಗಿ ಹೇಳಿ ಎಡಗಡೆಗೆ ಹೋದ. ಅಂದಿನಿಂದ ಯಾರೂ ಮೂಗು ಮುರಿಯಲಿಲ್ಲ.

ಐವತ್ತೆಂಟನೇ ಇಸವಿಯಲ್ಲಿ ಮೇಷ್ಟ್ರಿಗೆ ಕಾಯಿಲೆ ಶುರುವಾಯಿತು. ಮೊದಲು ನಿದ್ದೆ ಬಿಟ್ಟಿತು. ಆಮೇಲೆ ತಮ್ಮ ನಾಟಕದ ಜನ ತಮ್ಮನ್ನು ಕರೆಯುತ್ತಾರೆ ಎನ್ನತೊಡಗಿದರು, ಕರೆದ ಕಡೆಗೆ ಎದ್ದು ಹೋಗುತ್ತಿದ್ದರು. ಆಮೇಲೆ ತಿಂಗಳುಗಟ್ಟಲೆ ಮೌನ. ಬಂದವರೆಲ್ಲ ಒಂದೊಂದು ಹೇಳಿದರು, ತಾಯತ ಕಟ್ಟಿದರು, ನಿಂಬೆಹಣ್ಣು ನಿವಾಳಿಸಿದರು. ಶೇಷಮ್ಮ ಯಾವುದಕ್ಕೂ ಬೇಡ ಅನ್ನಲಿಲ್ಲ, ಆದರೆ ಶಿವಮೊಗ್ಗದ ಡಾಕ್ಟರು ಕೊಟ್ಟ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಲಿಲ್ಲ. ಕಾಯಿಲೆ ಬರುತ್ತಿತ್ತು, ಹೋಗುತ್ತಿತ್ತು. ಕೊನೆಯವರೆಗೂ ಅದು ಪೂರ್ತಿ ಬಿಡಲಿಲ್ಲ, ಅದನ್ನು ಮುಚ್ಚಿಟ್ಟು ಕತೆ ಚಂದ ಮಾಡುವ ಅಗತ್ಯವಿಲ್ಲ. ನೌಕರಿ ಹೋಯಿತು. 'ಮೇಷ್ಟ್ರ ಹೆಂಡತಿ' ಎನ್ನುತ್ತಿದ್ದ ಊರು 'ಪಾಪ, ಆ ಹುಚ್ಚನ ಹೆಂಡತಿ' ಎನ್ನತೊಡಗಿತು. ಆ ಪಾಪ ಎಂಬ ಮಾತನ್ನು ಕೇಳಿದರೆ ಶೇಷಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಹಾಗಂದವರ ರವಿಕೆಯನ್ನು ಎರಡು ವಾರ ತಡ ಮಾಡಿಯೇ ಕೊಡುತ್ತಿದ್ದಳು.

ಅರವತ್ತಾರರ ಬೇಸಿಗೆಯಲ್ಲಿ ಮೇಷ್ಟ್ರು ಮತ್ತೆ ಓಡಾಡತೊಡಗಿದರು, ಹೊಸ ನಾಟಕ ಹೇಳತೊಡಗಿದರು. ಕೆಳದಿಯ ಒಬ್ಬ ಶಿಲ್ಪಿ, ಕಲ್ಲನ್ನು ಮಾತಾಡಿಸುವಂಥವನು. ಅರ್ಧ ಕೆತ್ತಿಬಿಟ್ಟ ಬೊಂಬೆಗಳೆಲ್ಲ ತನ್ನನ್ನು ಕರೆಯುತ್ತಿವೆ ಎಂದು ಅವನಿಗೆ ಭ್ರಮೆ ಹಿಡಿಯುತ್ತದೆ. ಉಳಿ ಎಸೆದು ಗೋಡೆ ನೋಡುತ್ತಾ ಕೂತುಬಿಡುತ್ತಾನೆ. ಕೈಯಲ್ಲಿ ಕಸುಬು ಉಳಿದಿಲ್ಲದವನನ್ನು ಊರಾಚೆ ಹಾಕಿ ಎಂದು ರಾಜನ ಕಡೆಯವರು ಬರುತ್ತಾರೆ. ತಮ್ಮ ಕತೆಯನ್ನೇ ತಾವು ಹೇಳುತ್ತಿದ್ದಾರೆಂದು ಶೇಷಮ್ಮನಿಗೆ ಗೊತ್ತಾಗದೆ ಇರಲಿಲ್ಲ. ಗೊತ್ತಿದ್ದೂ ಬಾಯಿ ಬಿಡದೆ ಬರೆದುಕೊಂಡಳು. ಆ ಮಾತುಗಳ ಬಿಗಿ, ಆ ಕಾವು! ಇಡೀ ಜಿಲ್ಲೆಯಲ್ಲಿ ಇಂಥದ್ದನ್ನು ಹೇಳಬಲ್ಲವರು ಇನ್ನೊಬ್ಬರಿಲ್ಲ ಎಂದು ಅವಳ ಎದೆ ಉಬ್ಬುತ್ತಿತ್ತು.

ಕಡೆಯ ದೃಶ್ಯಕ್ಕೆ ಬಂದು ಮೇಷ್ಟ್ರು ನಿಂತರು. ಶಿಲ್ಪಿಯನ್ನು ಕೆರೆಗೆ ಹಾರಿಸಿದರು, ಆ ಕಾಗದ ಹರಿದು ಹಾಕಿದರು. ಕಂಬಕ್ಕೆ ತಲೆ ಚಚ್ಚಿಸಿ ಸಾಯಿಸಿದರು, ಅದನ್ನೂ ಆಮೇಲಿನ ಎರಡು ಸಾವನ್ನೂ ಹರಿದರು. ಆ ಹೊತ್ತಿನಲ್ಲಿ ಅವನ ಹೆಂಡತಿ ಏನಂತಾಳೆ ಅಂತ ನನಗೆ ಕೇಳಿಸ್ತಿಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಆಷಾಢ ಹುಟ್ಟುವ ಹೊತ್ತಿಗೆ ಆ ಮಾತೂ ನಿಂತಿತು. ಒಂದು ಬೆಳಿಗ್ಗೆ ಮನೆಯಲ್ಲಿ ಕಾಣಲಿಲ್ಲ. ಹುಡುಕಿದಾಗ ಮಂಡಗದ್ದೆಯ ಹತ್ತಿರ ತುಂಗೆಯಲ್ಲಿ ಎದೆಮಟ್ಟ ನೀರಿನಲ್ಲಿ ನಿಂತಿದ್ದರು.

ಎತ್ತಿಕೊಂಡು ಬಂದವನು ಮೇಷ್ಟ್ರ ಅಣ್ಣ ಕನ್ನಪ್ಪ. ಹೊಸನಗರ ಕಡೆ ಬೇಸಾಯ, ಅರ್ಧ ಗದ್ದೆ ಶರಾವತಿ ಹಿನ್ನೀರಿಗೆ ಹೋಗಿತ್ತು, ಉಳಿದರ್ಧದಲ್ಲಿ ತನ್ನ ಮನೆಯನ್ನೂ ತಮ್ಮನ ಮನೆಯನ್ನೂ ನೋಡಿಕೊಳ್ಳುತ್ತಿದ್ದ. ಕೆಟ್ಟವನಲ್ಲ, ದಣಿದವನು. ದೂರದ ಊರಿನ ದೊಡ್ಡಾಸ್ಪತ್ರೆಯಲ್ಲಿ ಇಂಥವರನ್ನು ಕಾಯಂ ಬಿಟ್ಟು ಬರಲು ಜಾಗವಿದೆ ಎಂದು ವಿಚಾರಿಸಿಕೊಂಡೇ ಬಂದಿದ್ದ. ಇವತ್ತು ನದಿಯಿಂದ ಎತ್ತಿದೆ, ನಾಳೆ ಎತ್ತೋದು ಹೆಣ ಆದರೆ ನಾನು ಏನು ಮಾಡಲಿ ಎಂದು ಕೇಳಿದ. ಶೇಷಮ್ಮ ಒಂದನ್ನಷ್ಟೇ ಹೇಳಿದಳು.

"ಅವ್ರು ಇನ್ನೂ ನಾಟಕ ಬರೀತಿದಾರೆ ಭಾವ. ಬುದ್ಧಿ ಇಲ್ದೋರು ಬರೀತಾರಾ?"

ಕನ್ನಪ್ಪ ತಮ್ಮನ ಬೆನ್ನನ್ನು ನೋಡಿದ. "ಹಂಗಾದ್ರೆ ಅದನ್ನ ಮುಗಿಸ್ಲಿ. ಊರೆದುರಿಗೆ ಆಡ್ಲಿ. ಅವನು ಬರ್ದು ಮುಗ್ಸಿದ ಅಂದ್ರೆ ನಾನು ಇನ್ನೊಂದು ಮಾತಾಡಲ್ಲ. ಮುಗೀದಿದ್ರೆ ಕರ್ಕೊಂಡು ಹೋಗ್ತೀನಿ, ನೀನು ಅಡ್ಡ ಬರಬಾರ್ದು," ಅಂದ.

ಅವಳು ಆಗಲಿ ಎಂದಳು. ಬೇರೆ ಏನು ಹೇಳುತ್ತಾಳೆ?

ದೀಪಾವಳಿ ಕಳೆಯಿತು. ಮೇಷ್ಟ್ರು ಉಣ್ಣುತ್ತಿದ್ದರು, ಕರೆದರೆ ಎದ್ದು ಕೆರೆ ದಂಡೆವರೆಗೆ ನಡೆದು ಬರುತ್ತಿದ್ದರು, ಆದರೆ ಬಾಯಿಗೆ ಬೀಗ. ನಾಟಕ ಸಂಘದ ಅಧ್ಯಕ್ಷ ಸೀತಾರಾಮಪ್ಪ, ಅಕ್ಕಿ ಗಿರಣಿಯವನು, ದಿನ ಗೊತ್ತುಮಾಡಿ ಕರಪತ್ರ ಅಚ್ಚು ಹಾಕಿಸಿಯೇಬಿಟ್ಟ. ಮೇಷ್ಟ್ರು ಮುಗಿಸಿದರೇ ಎಂದು ವಾರಕ್ಕೆರಡು ಸಲ ಜಗಲಿಗೆ ಬಂದು ಕೂರುತ್ತಿದ್ದ. ಇನ್ನೇನು ಮುಗಿಯಿತು ಎಂದು ಶೇಷಮ್ಮ ಅವನನ್ನು ಸಾಗಹಾಕುತ್ತಿದ್ದಳು. ಒಂದು ಮಧ್ಯಾಹ್ನ ಸಾಗಹಾಕಿದವಳು ಒಳಗೆ ಬಂದಳು, ಕಾಗದ ಹಾಸಿಕೊಂಡಳು, ಮೇಷ್ಟ್ರಿಗೆ ಕೇಳಿಸದ ಆ ಹೆಂಡತಿಯ ಮಾತನ್ನು ತಾನೇ ಬರೆದಳು. ಅವಳಿಗೆ ಅದು ಕೇಳಿಸುವುದಕ್ಕೆ ಕಷ್ಟವೇನೂ ಇರಲಿಲ್ಲ. ಸಂಜೆ ದೀಪ ಹಚ್ಚುವ ಮುಂಚೆ ಮುಗಿಯಿತು. ಮುಂಚಿನದೆಲ್ಲ ಅವಳದೇ ಅಕ್ಷರ, ಇದೂ ಅವಳದೇ ಅಕ್ಷರ. ಯಾವನು ಬೇರೆ ಮಾಡಿಯಾನು?

ಆದರೆ ನಾಟಕ ಎಂದರೇನೆಂದು ಬಲ್ಲವರು ಯಾರೂ ಮಾಡದ ತಪ್ಪನ್ನು ಅವಳು ಮಾಡಿದ್ದಳು. ಶಿಲ್ಪಿ ಸಾಯಲೇ ಇಲ್ಲ! ರಾಜನ ಕಡೆಯವರು ಬಾಗಿಲಲ್ಲಿ ನಿಂತು ಇವನಲ್ಲಿ ಕಸುಬು ಉಳಿದಿದೆಯೇ ಎಂದು ಕೇಳಿದರೆ ಹೆಂಡತಿ ಅವರಿಗೆ ಉತ್ತರವನ್ನೇ ಕೊಡುವುದಿಲ್ಲ. ಅಡುಗೆಮನೆಯಿಂದ ಬೀಸುಕಲ್ಲನ್ನು ಉರುಳಿಸಿಕೊಂಡು ಬಂದು ಗಂಡನ ಮುಂದೆ ಇಡುತ್ತಾಳೆ. ಬೀಸಿ ಬೀಸಿ ಸವೆದ ಕಲ್ಲು ನುಣ್ಣಗಾದರೆ ಕಾಳು ಜಾರುತ್ತದೆ, ಹಿಟ್ಟಾಗುವುದಿಲ್ಲ. ಉಳಿಯಿಂದ ಹೊಡೆಸಿ ಒರಟು ಮಾಡಿಸಬೇಕು. ವರ್ಷಕ್ಕೊಮ್ಮೆ ಬೀದಿಯಲ್ಲಿ ಕೂಗಿಕೊಂಡು ಬರುವ ಕಲ್ಲುಕುಟಿಗರ ಕೆಲಸ ಅದು. ಸೀತಾರಾಮಪ್ಪ ಓದಿಸಿ ಕೇಳಿ ಹೌಹಾರಿದ. ಅವನದು ರಾಜನ ಪಾತ್ರ, ಶಿಲ್ಪಿಯ ಹೆಣದ ಮುಂದೆ ಒಂದು ಉದ್ದದ ಭಾಷಣ ಇದ್ದೇ ಇರುತ್ತದೆಂದು ಎಣಿಸಿ ಕೂತಿದ್ದ. ರಾಜನ ಕಂಬ ಕೆತ್ತಿದವನ ಕೈಗೆ ಬೀಸುಕಲ್ಲೇ, ಇದನ್ನು ಮೇಷ್ಟ್ರೇ ಬರೆದರೇ ಎಂದು ಕೇಳಿದ. ಮತ್ತಿನ್ಯಾರು ಬರೀತಾರೆ ಎಂದು ಶೇಷಮ್ಮ ಕೇಳಿದಳು. ಸುಳ್ಳು ಹೇಳಲಿಲ್ಲ, ನೋಡಿ, ಕೇಳಿದ್ದಕ್ಕೆ ತಿರುಗಿ ಕೇಳಿದಳು ಅಷ್ಟೆ. ದೊಡ್ಡವರ ತಲೆಗೆ ಏನೋ ಹೊಳೆದಿರಬೇಕು ಎಂದುಕೊಂಡು ಸೀತಾರಾಮಪ್ಪ ಗೊಣಗುತ್ತಾ ಒಪ್ಪಿದ. ಅದೇ ಶೇಷಮ್ಮನ ಹೆಸರಿನಲ್ಲಿ ಬಂದಿದ್ದರೆ ಒಲೆಗೆ ಹಾಕಿಸುತ್ತಿದ್ದ, ಅದರಲ್ಲಿ ಸಂಶಯ ಬೇಡ.

ಅರವತ್ತೇಳರ ಫೆಬ್ರವರಿ. ದೂರದವರಿಗೆ ಕೊನೆಯ ಬಸ್ಸು ಸಿಗಲಿ ಎಂದು ಸಂಜೆ ಐದಕ್ಕೇ ನಾಟಕ ಇಟ್ಟಿದ್ದರು. ಸ್ಕೂಲಿನ ಬಯಲಲ್ಲಿ ಚಪ್ಪರ, ಸಾವಿರ ಜನ, ಸಾಗರದಿಂದಲೂ ಬಂದಿದ್ದರು. ಮುಂದಿನ ಸಾಲಿನಲ್ಲಿ ಕನ್ನಪ್ಪ, ಪಕ್ಕದಲ್ಲಿ ಒಗೆದ ಪಂಚೆ ಉಟ್ಟ ಮೇಷ್ಟ್ರು. ಮನೆಯಲ್ಲೇ ಇರಲಿ ಎಂದು ಶೇಷಮ್ಮ ಎಷ್ಟು ಹೇಳಿದರೂ ಕನ್ನಪ್ಪ ಕೇಳಿರಲಿಲ್ಲ, ಬರೆದವನು ಮುಂದೆ ಕೂರಲಿ ಎಂದು ಕೈಹಿಡಿದು ಕರೆತಂದಿದ್ದ. ಮೇಷ್ಟ್ರಿಗೆ ಕಡೆಯ ದೃಶ್ಯದ ಒಂದಕ್ಷರವೂ ಗೊತ್ತಿಲ್ಲ. ಪರದೆಯ ಹಿಂದೆ ಖಾಕಿ ಕಾಗದ ಹಿಡಿದು ನಿಂತ ಶೇಷಮ್ಮ ಸಂದಿಯಿಂದ ಅವರನ್ನೇ ನೋಡುತ್ತಿದ್ದಳು.

ಮೂರು ಅಂಕ ಮುಗಿದವು, ನಾಲ್ಕನೆಯದು ಸಾಗಿತು, ಜನ ಉಸಿರು ಬಿಗಿಹಿಡಿದು ಕೂತಿದ್ದರು. ಕಡೆಗೆ ಸುಬ್ಬಪ್ಪ ಸೀರೆಯ ಸೆರಗು ಸೊಂಟಕ್ಕೆ ಬಿಗಿದು ನಿಜವಾದ ಬೀಸುಕಲ್ಲನ್ನೇ ಉರುಳಿಸಿಕೊಂಡು ಬಂದ. ಹಿಂದೆ ಯಾರೋ ಕಿಸಕ್ಕೆಂದರು. ಶೇಷಮ್ಮ ಮೆಲ್ಲಗೆ ಹೇಳಿಕೊಟ್ಟಳು, ಸುಬ್ಬಪ್ಪ ಆಡಿದ.

"ಕಾಳು ಜಾರ್ತಾ ಇದೆ, ಹಿಟ್ಟಾಗ್ತಿಲ್ಲ. ದೇವರನ್ನ ಕೆತ್ತಿ ಅಂತ ನಾನು ಕೇಳ್ತಿಲ್ಲ. ಈ ಕಲ್ಲಿಗೆ ನಾಲ್ಕು ಪೆಟ್ಟು ಹೊಡ್ದು ಕೊಡಿ, ಸಾಕು."

ಶಿಲ್ಪಿ ಕದಲಲಿಲ್ಲ. ಹೆಂಡತಿ ಅವನ ಮುಂದೆಯೇ ಕೂತಳು. ಆಮೇಲೆ ಅವನ ಕೈ ನೆಲ ತಡಕಾಡಿ ಉಳಿಯನ್ನು ಎತ್ತಿಕೊಂಡಿತು. ಕಲ್ಲಿನ ಮೇಲೆ ಒಂದು ಪೆಟ್ಟು ಬಿತ್ತು, ಮತ್ತೊಂದು ಬಿತ್ತು. ಪರದೆ ಇಳಿಯಿತು. ನಾಟಕ ಬಿದ್ದಿತೆಂದೇ ಎಣಿಸಿ ಶೇಷಮ್ಮ ಕಾಗದ ಸುತ್ತತೊಡಗಿದಳು. ಆಮೇಲೆ ಬಂತು ನೋಡಿ ಚಪ್ಪಾಳೆ, ಚಪ್ಪರದ ಗೂಟ ಅಲ್ಲಾಡಿತು. ಹೆಂಗಸರ ಕಡೆ ಮೂಗು ಒರೆಸಿಕೊಳ್ಳದವರು ಒಬ್ಬರಿರಲಿಲ್ಲ. ನಾನು ಬರೆದದ್ದು, ಇದು ನಾನು ಬರೆದದ್ದು ಎಂದು ಅವಳಿಗೆ ಕೂಗಬೇಕೆನಿಸಿತು. ಕೂಗುವ ಹಾಗಿಲ್ಲವಲ್ಲ.

ಸೀತಾರಾಮಪ್ಪ ರಾಜನ ಕಿರೀಟದಲ್ಲೇ ಮೈಕಿನ ಮುಂದೆ ಬಂದು, ಈ ಮಹಾ ನಾಟಕ ಬರೆದ ನಮ್ಮ ದುಗ್ಗಪ್ಪ ಮೇಷ್ಟ್ರು ವೇದಿಕೆಗೆ ಬರಬೇಕು ಎಂದ. ಕನ್ನಪ್ಪ ತಮ್ಮನ ಬೆನ್ನು ತಟ್ಟಿ ಎಬ್ಬಿಸಿದ. ಮೇಷ್ಟ್ರು ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಕೊರಳಿಗೆ ಹಾರ ಬಿತ್ತು. ಎಂಟು ತಿಂಗಳು ಮಾತಾಡದಿದ್ದ ಮನುಷ್ಯ ಮೈಕಿನ ಮುಂದೆ ನಿಂತು ಬಾಯಿ ತೆರೆದರು.

"ಕಡೇ ದೃಶ್ಯ ನಂದಲ್ಲ. ಅದನ್ನ ಬರ್ದಿದ್ದು ಶೇಷಿ."

ಸಭೆ ಗುಜುಗುಜು ಎಂದಿತು. ಅಯ್ಯೋ ಪಾಪ, ಮತ್ತೆ ಹುಚ್ಚು ಕೆದರಿತು ಎಂದರು ಮುಂದಿನವರು. ಹೊಲಿಯುವ ಹೆಂಗಸು ನಾಟಕ ಬರೆಯುವುದೆಂದರೆ ಏನು, ಭ್ರಮೆಯಲ್ಲದೆ? ಸೀತಾರಾಮಪ್ಪ ಮೈಕು ಕಸಿದುಕೊಂಡು, ಮೇಷ್ಟ್ರಿಗೆ ಆಯಾಸವಾಗಿದೆ, ದಯವಿಟ್ಟು ಶಾಂತರಾಗಿ ಎಂದ. ಕನ್ನಪ್ಪನ ಮುಖ ಕಪ್ಪಿಟ್ಟಿತು. ತಮ್ಮನನ್ನು ಕೆಳಗಿಳಿಸಲು ಅವನು ಎದ್ದು ಬರುತ್ತಿರುವುದು ಪರದೆಯ ಸಂದಿಯಿಂದ ಶೇಷಮ್ಮನಿಗೆ ಕಂಡಿತು.

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಸ್ಥಿತಿ ಅವಳದು. ಸುಮ್ಮನಿದ್ದರೆ ನಾಟಕ ಅವರದೇ ಆಗಿ ಉಳಿಯುತ್ತದೆ, ಆದರೆ ಸಾವಿರ ಜನರ ಮುಂದೆ ಅವರು ಹುಚ್ಚರಾಗುತ್ತಾರೆ. ನಿಜ ಹೇಳಿದರೆ ಅವರ ಬುದ್ಧಿ ಸರಿಯಿದೆ ಎಂದಾಗುತ್ತದೆ, ಆದರೆ ಅವರು ನಾಟಕ ಮುಗಿಸಿಲ್ಲ ಎಂದೂ ಆಗುತ್ತದೆ, ಭಾವನ ಮಾತಿನ ಪ್ರಕಾರ ಆಸ್ಪತ್ರೆಯೇ ಗತಿ. ಹೇಗೆ ನೋಡಿದರೂ ಕಳೆದುಕೊಳ್ಳುವುದೇ. ಆದರೆ ಅಷ್ಟು ತಿಂಗಳ ಮೇಲೆ ಆ ಮನುಷ್ಯ ಆಡಿದ್ದು ಒಂದು ಮಾತು, ಅದೂ ನಿಜ, ಅದೂ ಅವಳಿಗಾಗಿ. ಆ ಮಾತನ್ನು ಹುಚ್ಚಿನ ಲೆಕ್ಕಕ್ಕೆ ಬಿಟ್ಟು ಪರದೆಯ ಹಿಂದೆ ನಿಲ್ಲುವುದು ಅವಳಿಂದ ಆಗಲಿಲ್ಲ. ಸೆರಗು ಹೊದ್ದುಕೊಂಡು, ಕಾಗದದ ಸುರುಳಿ ಹಿಡಿದುಕೊಂಡೇ ರಂಗದ ಮಧ್ಯಕ್ಕೆ ನಡೆದು ಬಂದಳು.

"ನಮ್ಮನೆಯವ್ರು ಹೇಳಿದ್ದು ನಿಜ. ಅದನ್ನ ಬರ್ದಿದ್ದು ನಾನೇ. ಅವ್ರಿಗೆ ಏನೂ ಆಗಿಲ್ಲ."

ಗಂಡನದು ಹೆಂಡತಿಗೂ ಹಿಡಿಯಿತೇ ಎಂದು ಹಿಂದಿನಿಂದ ಯಾವನೋ ಕೂಗಿದ, ನಾಲ್ಕು ಜನ ನಕ್ಕರು. ಮೇಷ್ಟ್ರು ಆ ಕಡೆ ತಿರುಗಿದರು. ಕ್ಲಾಸಿನಲ್ಲಿ ಗಲಾಟೆ ಮಾಡಿದ ಹುಡುಗರನ್ನು ನೋಡುತ್ತಿದ್ದ ಹಳೆಯ ನೋಟ ಅದು. ನಕ್ಕವರಲ್ಲಿ ಇಬ್ಬರು ಅವರ ಕೈಯಲ್ಲೇ ಓದಿದವರು, ತಲೆ ತಗ್ಗಿಸಿದರು.

"ಆ ಶಿಲ್ಪೀನ ನಾನು ನಾಲ್ಕು ಸಲ ಕೊಂದೆ," ಎಂದರು ಮೇಷ್ಟ್ರು ನಿಧಾನವಾಗಿ. "ಸಾಯ್ಸೋದು ಬಿಟ್ರೆ ನನಗೆ ಬೇರೆ ದಾರಿ ಕಾಣ್ಲಿಲ್ಲ. ಆಷಾಢದಿಂದ ಗೋಡೆ ನೋಡ್ಕೊಂಡು ಕೂತೆ. ಇವ್ಳು ದಿನಾ ಒಂದು ರಾಶಿ ರವಿಕೆ ತಂದು ನನ್ ಮುಂದೆ ಇಡ್ತಿದ್ಲು. ನಾಟಕ ಬರೀರಿ ಅಂತ ಒಂದು ದಿನವೂ ಕೇಳ್ಲಿಲ್ಲ. ಹುಕ್ಕು ಹೊಲ್ದು ಕೊಡಿ, ಸಾಕು ಅಂತಿದ್ಲು. ಹೊಲ್ದೆ. ಈ ಊರಿನ ಅರ್ಧ ರವಿಕೆಗೆ ಹುಕ್ಕು ಹಾಕಿದೋನು ನಾನೇ. ಆ ದೃಶ್ಯ ನಾನು ಬರೆಯೋ ಹಂಗಿರ್ಲಿಲ್ಲ, ನಾನು ಅದರೊಳಗೇ ಕೂತಿದ್ದೆ."

ಹೆಂಗಸರ ಕಡೆಯಿಂದ ಅಂಚೆ ಪೇದೆಯ ಹೆಂಡತಿ ವೆಂಕಮ್ಮ, ಬಾಯಿ ಜೋರಿನವಳು, ಎದ್ದು ನಿಂತಳು. ದಸರೆಗೆ ಹೊಲಿಸಿದ ರವಿಕೆಯ ಹುಕ್ಕು ಸೊಟ್ಟಗಿದೆಯೆಂದು ಶೇಷಮ್ಮನ ಜೊತೆ ಜಗಳವಾಡಿದ್ದೆ, ಇದೋ ನೋಡಿ, ಅದು ಮೇಷ್ಟ್ರ ಕೈಯದು, ಸೊಟ್ಟಗಿದ್ದರೂ ಇವತ್ತಿನವರೆಗೆ ಕಿತ್ತುಬಂದಿಲ್ಲ ಎಂದು ಸಭೆಗೆಲ್ಲ ಕೇಳುವ ಹಾಗೆ ಹೇಳಿದಳು. ನನ್ನದೂ, ನನ್ನದೂ ಎಂದು ಅಲ್ಲಲ್ಲಿ ದನಿಗಳೆದ್ದವು. ನಗು ಎದ್ದಿತು, ಆದರೆ ಮೊದಲಿನ ನಗುವಲ್ಲ. ಚಪ್ಪಾಳೆ ಹೆಂಗಸರ ಕಡೆಯಿಂದ ಶುರುವಾಗಿ ಗಂಡಸರ ಕಡೆಗೆ ಹಬ್ಬಿತು. ಸೀತಾರಾಮಪ್ಪನೂ ಕಿರೀಟ ತೆಗೆದು ಕಂಕುಳಲ್ಲಿಟ್ಟುಕೊಂಡು ಚಪ್ಪಾಳೆ ತಟ್ಟಿದ.

ಕನ್ನಪ್ಪ ಮೆಟ್ಟಿಲು ಹತ್ತಿ ಬಂದ. ಶೇಷಮ್ಮನಿಗೆ ಚಪ್ಪಾಳೆ ಕೇಳಿಸಲಿಲ್ಲ, ಅವನ ಕಾಲ ಸಪ್ಪಳವಷ್ಟೇ ಕೇಳಿಸಿತು. ಕೊಟ್ಟ ಮಾತು ಮಾತೇ, ಅವಳು ಅಡ್ಡ ಬರುವ ಹಾಗಿಲ್ಲ. ಅವನು ತಮ್ಮನನ್ನು ನೋಡಿದ, ಅವಳನ್ನು ನೋಡಿದ.

"ಎಂಟು ತಿಂಗ್ಳು ನೀನು ನನಗೆ ಕತೆ ಹೇಳ್ದೆ ಶೇಷಮ್ಮ. ನಾನು ನಂಬ್ದೆ. ಈ ಊರೂ ನಂಬ್ತು. ನಿಜ ಹೇಳಿದ್ದು ಇವನೊಬ್ನೇ. ಇನ್ನು ಯಾವ ಬಾಯಲ್ಲಿ ಇವನನ್ನ ಹುಚ್ಚ ಅಂತ ಹೇಳಿ ಬಿಟ್ಟು ಬರ್ಲಿ?"

ಅಷ್ಟು ಹೇಳಿ ಸಭೆಗೆ ಬೆನ್ನು ತಿರುಗಿಸಿ, ಐವತ್ತು ದಾಟಿದ ಆ ಗಂಡಸು ಹೆಗಲ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಶೇಷಮ್ಮ ಅಳಲಿಲ್ಲ. ತಾನು ಬರೆದದ್ದನ್ನು ಕೈಯಲ್ಲಿ ಹಿಡಿದುಕೊಂಡು, ಗಂಡನ ಪಕ್ಕದಲ್ಲಿ, ಊರೆಲ್ಲ ನೋಡುವ ಹಾಗೆ ತಲೆಯೆತ್ತಿ ನಿಂತಿದ್ದಳು.